ಡಿಸೆಂಬರ್ ಆರರ ಡಬ್ಬಿ

ಎಲ್ಡ್ರಿಜ್ ಊರಿನ ಮಾಡೆಲ್ ಕ್ಲಬ್ಬಿನವರು ವಿಲ್ಮಾ ಹುಡಾಕ್‌ಗೆ ‘ತಳ ನೋಡೋ ಅಜ್ಜಿ’ ಎಂದು ಹೆಸರಿಟ್ಟಿದ್ದರು. ಓಹಾಯೋದ ಯಾವ ಮೂಲೆಯಲ್ಲಿ, ಬಿಡಿ ಭಾಗ ಜೋಡಿಸಿ ಕಟ್ಟುವ ಹಳೆಯ ಪ್ಲಾಸ್ಟಿಕ್ ಮಾಡೆಲ್‌ಗಳ ಸಂತೆ ನಡೆದರೂ ಅವಳ ಬೂದು ಬಣ್ಣದ ಬ್ಯೂಕ್ ಕಾರು ಅಲ್ಲಿ ನಿಂತಿರುತ್ತಿತ್ತು. ಒಳಗೆ ಬಂದವಳು ವಿಮಾನ, ಹಡಗು, ರೇಸಿನ ಕಾರು ಯಾವುದನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಉದ್ದ ಏಣಿಯ ಕೆಂಪು ಫೈರ್ ಎಂಜಿನ್. ಅರವತ್ತೆಂಟನೇ ಇಸವಿಯಲ್ಲಿ ಇದೇ ಎಲ್ಡ್ರಿಜ್‌ನ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಅದು ಸಿಕ್ಕರೆ ಮೇಲಿನ ಚಿತ್ರವನ್ನು ನೋಡದೆ ಡಬ್ಬಿಯನ್ನು ಮಗುಚಿ ತಳ ನೋಡುವಳು. ನೋಡಿ, ತುಟಿ ಬಿಗಿದು, ಇದ್ದ ಜಾಗದಲ್ಲೇ ಇಟ್ಟು ಹೊರಡುವಳು.

“ಏನ್ ಹುಡುಕ್ತಿದೀರಿ ಅಂತ ಹೇಳಿದ್ರೆ ನಾನೂ ಒಂದ್ ಕಣ್ಣಿಟ್ಟಿರ್ತೀನಲ್ಲ ವಿಲ್ಮಾ ಅವ್ರೇ,” ಎಂದು ಕ್ಲಬ್ಬಿನ ಅಧ್ಯಕ್ಷ ಡ್ವೈಟ್ ಪಾಮರ್ ಎಷ್ಟೋ ಸಲ ಕೇಳಿದ್ದ. ಅವನಿಗೆ ಐವತ್ತು ದಾಟಿತ್ತು. ಆದರೆ ಶಾಲೆಯ ಕ್ಯಾಂಟೀನಿನಲ್ಲಿ ವಿಲ್ಮಾ ಬಡಿಸಿದ್ದನ್ನು ತಿಂದು ಬೆಳೆದವನು, ಅವಳ ಮುಂದೆ ಇನ್ನೂ ಹುಡುಗನೇ.

“ನೀನು ಮೊದ್ಲು ತಟ್ಟೇಲಿರೋ ಕ್ಯಾರೆಟ್ ತಿಂದ್ ಮುಗ್ಸು. ಆಮೇಲೆ ಹೇಳ್ತೀನಿ,” ಎಂದು ಅವಳು ನಕ್ಕು ತೇಲಿಸಿಬಿಡುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಒಂದು ತಾರೀಖು. ಪ್ರತಿ ಡಬ್ಬಿಯ ತಳದಲ್ಲಿ ಅದು ಪ್ಯಾಕ್ ಆದ ದಿನವನ್ನು ನೇರಳೆ ಶಾಯಿಯಲ್ಲಿ ಒತ್ತುತ್ತಿದ್ದರು. ಅವಳಿಗೆ ಬೇಕಿದ್ದದ್ದು ಅರವತ್ತೆಂಟರ ಡಿಸೆಂಬರ್ ಆರು. ಅದೂ ಮೇಲಿನ ತೆಳು ಪ್ಲಾಸ್ಟಿಕ್ಕಿನ ಬಿಗಿ ಹೊದಿಕೆ ಹರಿಯದ, ಒಬ್ಬರ ಕೈಯೂ ಒಳಗೆ ಹೋಗದ ಡಬ್ಬಿ ಆಗಬೇಕು. ಫೈರ್ ಎಂಜಿನ್ ಸಿಕ್ಕ ಮಕ್ಕಳು ಅದನ್ನು ಬಿಚ್ಚದೆ ಇಡುತ್ತಾರೆಯೇ? ಆ ವರ್ಷದ ಕ್ರಿಸ್‌ಮಸ್ ಬೆಳಿಗ್ಗೆಯೇ ಅವುಗಳಲ್ಲಿ ಹೆಚ್ಚಿನವು ಹರಿದು ಚಿಂದಿಯಾಗಿದ್ದವು. ಆದರೂ ವಿಲ್ಮಾ ಮೂವತ್ತೇಳು ವರ್ಷ ಹುಡುಕಿದಳು.

ಅವಳು ಫ್ಯಾಕ್ಟರಿಗೆ ಸೇರಿದ್ದು ಹದಿನೇಳನೇ ವಯಸ್ಸಿನಲ್ಲಿ. ತಾಯಿ ಜೋಫಿಯಾ ಮೊದಲಿಂದಲೂ ಅಲ್ಲೇ ಇದ್ದಳು. ಸ್ಲೊವಾಕಿಯಾದಿಂದ ಬಂದವಳು, ಉಕ್ಕಿನ ಕಾರ್ಖಾನೆಯ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳು. ವಿಲ್ಮಾಳ ಬೆನ್ನಿಗೆ ಇನ್ನಿಬ್ಬರು ಸಣ್ಣವರು, ಆನ್ನಾ ಮತ್ತು ಪಾವೊಲ್. ವಾಸಕ್ಕಿದ್ದದ್ದು ಫ್ಯಾಕ್ಟರಿಯ ಮನೆ. ತಾಯಿ ಮಗಳು ಪ್ಯಾಕಿಂಗ್ ಮೇಜಿನಲ್ಲಿ ಎದುರುಬದುರು ನಿಂತು ಕೆಲಸ ಮಾಡುತ್ತಿದ್ದರು. ಕೆಂಪು ಭಾಗಗಳ ನಾಲ್ಕು ಗೊಂಚಲು, ಕಿಟಕಿಯ ಗಾಜಿನದೊಂದು ಪೊಟ್ಟಣ, ಟೈರುಗಳು, ಕೊನೆಗೆ ಕನ್ನಡಿಯಂತೆ ಹೊಳೆಯುವ ಕ್ರೋಮ್ ಗೊಂಚಲು. ಬಂಪರು, ದೀಪ, ಗಂಟೆ ಎಲ್ಲ ಅದರಲ್ಲೇ ಇರುತ್ತಿದ್ದವು. ಮಕ್ಕಳು ಜೀವ ಬಿಡುತ್ತಿದ್ದದ್ದು ಅದಕ್ಕೆ. ಎಲ್ಲ ತುಂಬಿದ ಮೇಲೆ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ತಮ್ಮ ನಂಬರು ಬರೆದು ಹಾಕಬೇಕು. ವಿಲ್ಮಾಳ ನಂಬರು ಹದಿನೇಳು.

ಅರವತ್ತೊಂಬತ್ತರ ಫೆಬ್ರುವರಿಯಲ್ಲಿ ಮೇಸ್ತ್ರಿ ಆರ್ವಿಲ್ ಸ್ಟೆಂಗರ್ ಅವಳನ್ನು ತನ್ನ ಕೋಣೆಗೆ ಕರೆದ. ಆಗಷ್ಟೇ ಮೂವತ್ತು ದಾಟಿದ ಮೇಸ್ತ್ರಿ, ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದವ. ಮೇಜಿನ ಮೇಲೆ ದೂರಿನ ಕಾಗದಗಳ ಕಟ್ಟಿತ್ತು. ಡಬ್ಬಿಯಲ್ಲಿ ಕ್ರೋಮ್ ಇಲ್ಲ, ಮಗು ಅತ್ತು ರಂಪ ಮಾಡಿತು ಎಂದು ಹತ್ತೂರಿನ ತಾಯಂದಿರು ಬರೆದಿದ್ದರು. ಜೊತೆಗೆ ಒಳಗಿದ್ದ ಚೀಟಿಯನ್ನೂ ಲಗತ್ತಿಸಿದ್ದರು. ಸ್ಟೆಂಗರ್ ಆ ಚೀಟಿಗಳನ್ನು ಇಸ್ಪೀಟೆಲೆಯ ಹಾಗೆ ಕೈಯಲ್ಲಿ ಹಿಡಿದು ಒಂದೊಂದಾಗಿ ಓದಿದ.

“ಹದಿನೇಳು. ಹದಿನೇಳು. ಇದೂ ಹದಿನೇಳೇ. ಕ್ರೋಮ್ ಎಲ್ಲೋಯ್ತು ಹುಡುಗಿ? ಯಾರಿಗ್ ಮಾರ್ದೆ?”

“ನಾನ್ ಯಾಕ್ ಮಾರ್ಲಿ ಸಾರ್? ಕೊಡಿ ಇಲ್ಲಿ, ನೋಡ್ತೀನಿ.”

ಅವನು ಕೊಡಲಿಲ್ಲ. ಇಂಡಿಯಾನಾದ ಯಾರೋ ಒಬ್ಬರು ಇಡೀ ಡಬ್ಬಿಯನ್ನೇ ವಾಪಸು ಕಳಿಸಿದ್ದರು. ಅದು ಮಗುಚಿಕೊಂಡು ಮೇಜಿನ ಅಂಚಿನಲ್ಲಿತ್ತು. ವಿಲ್ಮಾ ತಳದ ತಾರೀಖನ್ನು ಓದಿದಳು: ಡಿಸೆಂಬರ್ ಆರು.

“ಸಾರ್, ಆವತ್ತು ನಾನ್ ಇಲ್ಲಿರ್ಲೇ ಇಲ್ಲ! ಅಜ್ಜಿ ಮಣ್ಣಿಗೆ ಕ್ಲೀವ್‌ಲ್ಯಾಂಡ್‌ಗೆ ಹೋಗಿದ್ದೆ. ನೀವೇ ರಜ ಕೊಟ್ರಿ.”

ಸ್ಟೆಂಗರ್ ತನ್ನ ಟೋಪಿಯನ್ನು ತೆಗೆದು ಆ ಡಬ್ಬಿಯ ಮೇಲಿಟ್ಟ. “ಲೆಕ್ಕ ಹಾಕೋದ್ ನನ್ ಕೆಲ್ಸ, ನಿಂದಲ್ಲ. ಸಂಜೆಯೊಳಗೆ ಏಪ್ರನ್ ಕೊಟ್ಟು ಹೋಗು,” ಎಂದ. ಮರುದಿನ ಆ ಡಬ್ಬಿಯನ್ನು ಕಂಡವರೇ ಇರಲಿಲ್ಲ.

ಊರು ಸಣ್ಣದು, ಬಾಯಿ ದೊಡ್ಡದು. ಹುಡುಗರು ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದವನ್ನು ಹುಡಾಕ್ ಮನೆಯ ಬೇಲಿಗೆ ಕಟ್ಟಿ ಓಡಿದರು. ‘ಕ್ರೋಮ್ ವಿಲ್ಮಾ’ ಎಂಬ ಹೆಸರು ಅಂಟಿತು. ಮೇ ತಿಂಗಳಲ್ಲಿ ಯೂಜೀನ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಅವನು ಬಂದು ಬಾಗಿಲಲ್ಲೇ ನಿಂತು, ಅಮ್ಮ ನಿಶ್ಚಿತಾರ್ಥದ ಉಂಗುರ ವಾಪಸು ಕೇಳ್ತಿದ್ದಾಳೆ ಎಂದ. ಇದೆಲ್ಲವನ್ನೂ ಅವಳು ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ತಾಯಿಯ ಒಂದು ಮಾತು. ಕೆಲಸ ಹೋದ ಸಂಜೆ ಜೋಫಿಯಾ ಒಲೆಯ ಕಡೆ ಮುಖ ಮಾಡಿ, ತಿರುಗಿ ನೋಡದೆಯೇ ಹೇಳಿದ್ದಳು: “ನೀನ್ ಮಾಡಿದ್ಯೋ ಇಲ್ವೋ ಅಂತ ನಾನ್ ಕೇಳಲ್ಲ. ಬಿಟ್ಬಿಡು ಇನ್ನ.”

ಹೆತ್ತವಳೇ ಕೇಳುವುದಿಲ್ಲ ಎಂದರೆ ಅದರರ್ಥ, ಮಾಡಿದ್ದಾಳೆ ಎಂದು ನಂಬಿದ್ದಾಳೆ ಎಂದಲ್ಲವೇ? ವಿಲ್ಮಾ ಆ ವಾರವೇ ಮನೆ ಬಿಟ್ಟು ಬೇರೆ ಕೋಣೆ ಹಿಡಿದಳು. ಶಾಲೆಯ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವುದರಿಂದ ಶುರುಮಾಡಿ ಇಪ್ಪತ್ತೇಳು ವರ್ಷ ಅಲ್ಲೇ ದುಡಿದಳು. ಲಾರಿ ಓಡಿಸುವ ಕಾರ್ಲ್‌ನನ್ನು ಮದುವೆಯಾದಳು. ಆದರೂ ಊರಿನ ಬಾಯಲ್ಲಿ ಹುಡಾಕ್ ಆಗಿಯೇ ಉಳಿದಳು. ತಾಯಿಯನ್ನು ಕಂಡರೆ ಎಷ್ಟು ಬೇಕೋ ಅಷ್ಟು ಮಾತು. ತೊಂಬತ್ತೊಂದರಲ್ಲಿ ಜೋಫಿಯಾ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ವಿಲ್ಮಾ ಬಗ್ಗಿ, “ಅಮ್ಮಾ, ನಾನ್ ತಗೊಂಡಿರ್ಲಿಲ್ಲ,” ಎಂದಿದ್ದಳು. “ನಂಗೊತ್ತು,” ಎಂದು ತಾಯಿ ಕಣ್ಣು ಮುಚ್ಚಿದಳು. ಸಾಯುವವರು ಸಮಾಧಾನಕ್ಕೆ ಏನಾದರೂ ಅನ್ನುತ್ತಾರೆ ಎಂದುಕೊಂಡು ವಿಲ್ಮಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಸ್ಟೆಂಗರ್ ಊರಿಗೆ ಹಿರಿಯನಾಗಿದ್ದ. ಎಂಬತ್ತೈದರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಹಳೆಯ ಮಾಡೆಲ್‌ಗಳಿಗೆ ಸಂಗ್ರಹಕಾರರು ಮುಗಿಬಿದ್ದರು. ಫ್ಯಾಕ್ಟರಿಯ ಕತೆ ಹೇಳುವವನು ಅವನೊಬ್ಬನೇ ಉಳಿದ. ಲೈಬ್ರರಿಯಲ್ಲಿ ಅವನ ಪಟ ತೂಗುಹಾಕಿ ಅದರ ಕೆಳಗೆ, ಒಂದು ತಲೆಮಾರಿನ ಮಕ್ಕಳ ಕೈಗೆ ಕನಸು ಕೊಟ್ಟವರು ಎಂದು ಹಿತ್ತಾಳೆಯ ಹಲಗೆಯಲ್ಲಿ ಕೆತ್ತಿಸಿದರು. ಕ್ಲಬ್ಬಿನ ವಾರ್ಷಿಕ ಪ್ರದರ್ಶನದಲ್ಲಿ ಬಹುಮಾನ ಕೊಡುವವನೂ ಅವನೇ.

ಹಳೆಯ ಡಬ್ಬಿಗಳನ್ನು ಬಿಚ್ಚದೆ ಕೂಡಿಡುವ ಜನವೂ ಇದ್ದಾರೆ ಎಂಬುದು ವಿಲ್ಮಾಳಿಗೆ ತಿಳಿದದ್ದು ಫ್ಯಾಕ್ಟರಿ ಮುಚ್ಚಿದ ಆ ವರ್ಷ. ಹಾಗಾದರೆ ಎಲ್ಲಾದರೂ ಒಂದು ಉಳಿದಿರಬೇಕು! ಆರನೇ ತಾರೀಖಿನ ಡಬ್ಬಿ, ಒಳಗೆ ಹದಿನೇಳರ ಚೀಟಿ. ಅವಳು ಊರಲ್ಲೇ ಇಲ್ಲದ ದಿನ ಅವಳ ನಂಬರು ಹಾಕಿದವನು ಕಳ್ಳ ತಾನೇ? ಆದರೆ ಬಿಚ್ಚಿದ ಡಬ್ಬಿ ಕೆಲಸಕ್ಕೆ ಬಾರದು, ಚೀಟಿಯನ್ನು ನೀನೇ ತುರುಕಿದ್ದೀಯ ಅಂದಾರು. ಮುಚ್ಚಿದ್ದೇ ಬೇಕು, ಅದನ್ನು ಹತ್ತು ಜನರ ಮುಂದೆ, ಅವನ ಮುಂದೆ ಬಿಚ್ಚಬೇಕು.

“ಅವನನ್ನ ಬಿಟ್ರೆ ನಿಂಗೆ ಬೇರೆ ದೇವರಿಲ್ಲ ನೋಡು,” ಎಂದು ಕಾರ್ಲ್ ಬದುಕಿರುವವರೆಗೂ ಚುಚ್ಚುತ್ತಿದ್ದ. “ಭಾನುವಾರ ಚರ್ಚಲ್ಲಿ ನಿದ್ದೆ ಮಾಡ್ತೀಯ, ಅವನ ಹೆಸ್ರೆತ್ತಿದ್ರೆ ನೆಟ್ಟಗೆ ಕೂರ್ತೀಯ.”

ಮಾತು ಸುಳ್ಳಲ್ಲ. ಸ್ಟೆಂಗರ್ ಕಾಯಿಲೆ ಬಿದ್ದ ಎಂದು ಸುದ್ದಿ ಬಂದಾಗಲೆಲ್ಲ ವಿಲ್ಮಾ ಮೇಣದ ಬತ್ತಿ ಹಚ್ಚಿ ಅವನ ಆಯುಸ್ಸಿಗಾಗಿ ಬೇಡಿಕೊಳ್ಳುತ್ತಿದ್ದಳು. ಡಬ್ಬಿ ಸಿಗುವ ಮುನ್ನ ಅವನು ಸತ್ತುಗಿತ್ತರೆ!

ಅವಳ ಎಪ್ಪತ್ಮೂರನೇ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಪಕ್ಕದ ಕೌಂಟಿಯಲ್ಲಿ ಮುಚ್ಚುತ್ತಿದ್ದ ಆಟಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದು ಸಿಕ್ಕಿತು. ಗೋಡೆಗೆ ಒರಗಿದ್ದ ಕಪಾಟಿನ ಹಿಂದೆ ಜಾರಿಬಿದ್ದು, ಧೂಳು ಮೆತ್ತಿಕೊಂಡು ಬಿದ್ದಿತ್ತು. ಹೊದಿಕೆ ಒಂದು ಕಡೆಯೂ ಹರಿದಿರಲಿಲ್ಲ. ತಳದಲ್ಲಿ ನೇರಳೆ ಶಾಯಿ: ಡಿಸೆಂಬರ್ ಆರು. ವಿಲ್ಮಾ ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ಎರಡು ವರ್ಷ ದಿನಕ್ಕೆ ನಾನೂರು ಡಬ್ಬಿ ಎತ್ತಿಟ್ಟ ಕೈಗಳು ಆ ತೂಕವನ್ನು ಮರೆತಿರಲಿಲ್ಲ. ಡಬ್ಬಿ ಇರಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹಗುರವಿತ್ತು. ಕ್ರೋಮ್ ಇಲ್ಲ.

ಅಂಗಡಿಯ ಮುದುಕಿ, “ಕುರ್ಚಿ ಕೊಡ್ಲಾ? ಮುಖ ಬಿಳಚಿಕೊಂಡಿದೆಯಲ್ಲ,” ಎಂದಳು.

“ಬೇಡ. ಒಂದ್ ಚೀಲ ಕೊಡಿ,” ಎಂದಳು ವಿಲ್ಮಾ.

ಮಾತು ಡ್ವೈಟ್‌ನ ಕಿವಿಗೆ ಬೀಳಲು ಎರಡು ದಿನವೂ ಬೇಕಾಗಲಿಲ್ಲ. ಅವನು ಓಡಿಬಂದು ಅಡುಗೆಮನೆಯ ಮೇಜಿನ ಮೇಲಿದ್ದ ಡಬ್ಬಿಯ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿದ. ವಿಲ್ಮಾ ಅವತ್ತು ಮೊದಲ ಬಾರಿಗೆ ತನ್ನ ಕತೆಯನ್ನು ಹೇಳಿದಳು. ಡ್ವೈಟ್ ಕುರ್ಚಿ ಎಳೆದುಕೊಂಡು ಕೂತ.

“ವಿಲ್ಮಾ ಅವ್ರೇ, ನಿಮ್ಮ ಮಾತು ನಾನ್ ನಂಬ್ತೀನಿ. ಆದ್ರೂ ಬಿಚ್ಬೇಡಿ. ಹೊದಿಕೆ ಸಮೇತ ಇರೋದು ಪ್ರಪಂಚದಲ್ಲಿ ಇದೊಂದೇ ಇರ್ಬೋದು. ಬಿಚ್ಚಿದ್ರೆ ಮತ್ತೆ ಮುಚ್ಚಕ್ಕಾಗಲ್ಲ.”

“ನನ್ನ ಬಾಯಿ ಮುಚ್ಚಿದ್ರಲ್ಲ, ಆಗ ಯಾರೂ ಹಿಂಗೆ ಅಳ್ಲಿಲ್ಲ ನೋಡು.”

“ಎಕ್ಸ್‌ರೇ ತೆಗ್ಸೋಣ? ಕ್ರೋಮ್ ಇಲ್ಲ ಅಂತ ಗೊತ್ತಾಗತ್ತೆ.”

“ಪೆನ್ಸಿಲ್ ಬರಹ ಎಕ್ಸ್‌ರೇಲಿ ಕಾಣತ್ತೇನೋ ದಡ್ಡ?”

ಹಾಗೆ ಗದರಿದಳು, ಆದರೆ ಕತ್ತರಿ ಎತ್ತಿಕೊಳ್ಳಲಿಲ್ಲ. ಪ್ರದರ್ಶನ ಮುಂದಿನ ಮಾರ್ಚಿಗೆ ಎಂಬುದು ಹೊರಗೆ ಹೇಳುವ ನೆಪ. ಒಳಗಿನ ಭಯವೇ ಬೇರೆ. ಒಳಗೆ ಇಪ್ಪತ್ತೆರಡೋ ಒಂಬತ್ತೋ ಇದ್ದರೆ? ಅವತ್ತು ಬೇರೆ ಬೇರೆ ನಂಬರು ಹಾಕಿದ್ದರೆ? ಮುಚ್ಚಿರುವವರೆಗೆ ಅವಳು ನಿರಪರಾಧಿ. ಬಿಚ್ಚಿದ ಮೇಲೆ ಚೀಟಿ ಹೇಳಿದ್ದೇ ಸತ್ಯ. ತಿಂಗಳುಗಟ್ಟಲೆ ಅವಳು ಆ ಡಬ್ಬಿಯ ಎದುರೇ ಕಾಫಿ ಕುಡಿದಳು, ಎಲೆಕೋಸು ಹೆಚ್ಚಿದಳು, ಅದರ ಜೊತೆ ಜಗಳವಾಡಿದಳು. ಕೆಲವು ದಿನ, ಇದನ್ನು ಹೀಗೇ ಇಟ್ಟುಕೊಂಡು ಮುದುಕನನ್ನು ಇಂಚಿಂಚಾಗಿ ಬೇಯಿಸುವುದೇ ಮೇಲು ಅನಿಸುತ್ತಿತ್ತು. ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಅವನು ಎದುರಾದರೆ, “ಡಬ್ಬಿ ಚೆನ್ನಾಗಿದೆ, ಸಾರ್,” ಎಂದು ಹಲ್ಲು ಕಿರಿದು ಮುಂದೆ ಹೋಗುವಳು. ಅವನ ಊರುಗೋಲು ನಡುಗುವುದನ್ನು ಕಣ್ಣಾರೆ ನೋಡಿ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುವಳು.

ಅಕ್ಟೋಬರಿನಲ್ಲಿ ಸ್ಟೆಂಗರ್ ಅವಳ ಮನೆಗೇ ಬಂದ. ಅವನ ಮಗಳು ಗ್ಲೆಂಡಾ ಕಾರಿನಲ್ಲಿ ಕೂತಿದ್ದಳು, ಒಳಗೆ ಬಂದವನು ಅವನೊಬ್ಬನೇ. ಎಂಬತ್ತೇಳರ ಮುದುಕ, ಮೂಗಿಗೆ ಆಮ್ಲಜನಕದ ನಳಿಕೆ. ಡಬ್ಬಿಯನ್ನು ಕಂಡು ಟೋಪಿ ತೆಗೆದ.

“ಇದನ್ನ ಬಿಚ್ಬೇಡ ವಿಲ್ಮಾ.”

“ಕೂತ್ಕೊ,” ಎಂದಳು ವಿಲ್ಮಾ. ಅವನನ್ನು ಏಕವಚನದಲ್ಲಿ ಕರೆದದ್ದು ಜೀವಮಾನದಲ್ಲಿ ಅದೇ ಮೊದಲು. ನಾಲಿಗೆಗೆ ಅದು ಜೇನಿನ ಹಾಗಿತ್ತು. “ಯಾಕೆ, ಹೆದರಿಕೇನಾ?”

“ನಾನೊಂದು ಕಾಗದ ಬರ್ದು ವಕೀಲನ ಹತ್ರ ಇಡ್ತೀನಿ. ನಿನ್ನ ತಪ್ಪಿಲ್ಲ, ನಾನೇ ಮಾಡ್ಸಿದ್ದು ಅಂತ. ನಾನ್ ಸತ್ತ ಮೇಲೆ ಊರೆಲ್ಲಾ ಓದ್ಲಿ. ಡಬ್ಬಿ ಮಾತ್ರ ಹಿಂಗೇ ಇರ್ಲಿ.”

“ಹೆಣದ ಮುಂದೆ ಓದಕ್ಕೆ ನಾನೇನ್ ಪಾದ್ರೀನಾ? ನೀನ್ ಬದುಕಿರ್ಬೇಕು ಆರ್ವಿಲ್. ಕೇಳ್ಬೇಕು. ಜನ ನಿನ್ನ ನೋಡೋದನ್ನ ನೀನ್ ನೋಡ್ಬೇಕು.”

“ನನಗೋಸ್ಕರ ಅಲ್ಲ ಹೇಳ್ತಿರೋದು. ನಿನಗೋಸ್ಕರ.”

ವಿಲ್ಮಾ ಗಟ್ಟಿಯಾಗಿ ನಕ್ಕಳು. “ಅವತ್ತು ಕೆಲಸದಿಂದ ತೆಗ್ದಾಗಲೂ ನನ್ನ ಒಳ್ಳೇದಕ್ಕೇ ಅಂದಿದ್ದೆ. ಪೊಲೀಸಿಗೆ ಕೊಡದೆ ಬಿಟ್ಟಿದೀನಿ, ಉಪಕಾರ ನೆನೆಸ್ಕೋ ಅಂದಿದ್ದೆ. ನಡಿ ಆಚೆಗೆ.”

ಅವನು ಟೋಪಿ ಹಾಕಿಕೊಂಡು ಹೊರಟ. ಆ ಭೇಟಿಯೇ ವಿಲ್ಮಾಳ ಭಯವನ್ನು ಕಳೆಯಿತು. ಒಳಗೆ ಹದಿನೇಳಿಲ್ಲದಿದ್ದರೆ ಈ ಮುದುಕ ಆಮ್ಲಜನಕ ಹೊತ್ತುಕೊಂಡು ಯಾಕೆ ಬರುತ್ತಿದ್ದ? ಬಿಚ್ಚುವುದೇ ಸೈ ಎಂದು ಅವತ್ತೇ ತೀರ್ಮಾನಿಸಿದಳು.

ಮಾರ್ಚ್ ತಿಂಗಳ ಶನಿವಾರ ಸ್ಲೊವಾಕ್ ಚರ್ಚಿನ ಹಾಲ್ ಕಿಕ್ಕಿರಿದಿತ್ತು. ಸುದ್ದಿ ಹಬ್ಬಿ ಡೆಟ್ರಾಯಿಟ್‌ನಿಂದಲೂ ಜನ ಬಂದಿದ್ದರು. ಕೆಲವರು ಬಿಚ್ಚಬೇಡಿ ಎಂದು ಬರೆದ ರಟ್ಟು ಹಿಡಿದು ನಿಂತಿದ್ದರು. ಸ್ಟೆಂಗರ್ ಬರಲಿಕ್ಕಿಲ್ಲ ಎಂದು ವಿಲ್ಮಾ ಅಂದುಕೊಂಡಿದ್ದಳು. ಬಂದಿದ್ದ. ಮುಂದಿನ ಸಾಲಿನಲ್ಲಿ ಗ್ಲೆಂಡಾಳ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ.

ವಿಲ್ಮಾ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಮದುವೆಗೆ ಹೊರಟವಳಂತೆ ವೇದಿಕೆ ಹತ್ತಿದಳು. ಐವತ್ನಾಲ್ಕು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿದ ಭಾಷಣ ಅವಳಲ್ಲಿತ್ತು. ಮೊದಲು ಡಬ್ಬಿಯನ್ನು ಮೂವರು ಅಪರಿಚಿತರ ಕೈಗೆ ಕೊಟ್ಟು ಹೊದಿಕೆಯನ್ನು ಪರೀಕ್ಷಿಸಲು ಹೇಳಿದಳು. ಆಮೇಲೆ ಕ್ಲೀವ್‌ಲ್ಯಾಂಡಿನ ಹಳೆಯ ಪತ್ರಿಕೆಯ ತುಂಡೊಂದನ್ನು ಡ್ವೈಟ್‌ನಿಂದ ಓದಿಸಿದಳು. ಡಿಸೆಂಬರ್ ಆರು, ಶುಕ್ರವಾರ, ಅಜ್ಜಿಯ ಅಂತ್ಯಕ್ರಿಯೆ, ಬಂದಿದ್ದ ಮೊಮ್ಮಕ್ಕಳ ಹೆಸರುಗಳಲ್ಲಿ ವಿಲ್ಮಾ ಹುಡಾಕ್.

“ಈಗ ಬಿಚ್ಚು,” ಎಂದಳು.

ಡ್ವೈಟ್ ಹೊದಿಕೆಯ ಅಂಚಿಗೆ ಬ್ಲೇಡ್ ಹಿಡಿದ. ಬ್ಲೇಡ್ ತಾಗಿದ್ದೇ ತಡ, ಹಳೆಯ ಪ್ಲಾಸ್ಟಿಕ್ ಚಟ್ ಎಂದು ಸೀಳಿತು. ಹಿಂದಿನಿಂದ ಯಾರೋ ನರಳಿದರು. ಮುಚ್ಚಳ ಎತ್ತಿದಾಗ ಮೇಣ ಮತ್ತು ರಬ್ಬರಿನ ವಾಸನೆ ಬಂತು. ಡ್ವೈಟ್ ಒಂದೊಂದನ್ನೇ ಎತ್ತಿ ತೋರಿಸಿದ. ಕೆಂಪು ಗೊಂಚಲು ನಾಲ್ಕು, ಗಾಜಿನ ಪೊಟ್ಟಣ, ಟೈರುಗಳು, ಹಳದಿಗಟ್ಟಿದ ಅಂಟುಚಿತ್ರದ ಹಾಳೆ. ಅಷ್ಟೇ. ಡಬ್ಬಿಯನ್ನು ಮಗುಚಿ ತಟ್ಟಿದಾಗ ಬೆರಳುದ್ದದ ಚೀಟಿಯೊಂದು ಉದುರಿತು.

“ಪ್ಯಾಕ್ ಮಾಡಿದವರು, ಹದಿನೇಳು,” ಎಂದು ಅವನು ಓದಿದ.

ಸ್ಟೆಂಗರ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದು, “ನಾನೇ ಮಾಡ್ಸಿದ್ದು. ಆ ಹುಡುಗಿ ತಪ್ಪಿಲ್ಲ. ಕ್ರೋಮ್ ತಯಾರಾಗಿರ್ಲಿಲ್ಲ, ಲಾರಿ ಕಾಯ್ತಿತ್ತು, ಇಲ್ದೇನೇ ತುಂಬ್ಸಿ ಕಳಿಸ್ದೆ,” ಎಂದ. ಗ್ಲೆಂಡಾ ಅಪ್ಪನ ತೋಳಿನ ಮೇಲಿದ್ದ ತನ್ನ ಕೈಯನ್ನು ತೆಗೆದಳು.

ವಿಲ್ಮಾ ಕಾದಿದ್ದ ಗಳಿಗೆ ಇದೇ. ಚೀಟಿಯನ್ನು ಅವನ ಮುಖಕ್ಕೆ ಹಿಡಿಯಲೆಂದು ಡ್ವೈಟ್‌ನ ಕೈಯಿಂದ ಕಸಿದುಕೊಂಡಳು. ಕಣ್ಣು ಅಂಕಿಯ ಮೇಲೆ ಬಿತ್ತು. ಒಂದು, ಏಳು. ಏಳರ ಸೊಂಟಕ್ಕೊಂದು ಅಡ್ಡಗೀಟು.

ಎಲ್ಡ್ರಿಜ್‌ನಲ್ಲಿ ಶಾಲೆ ಕಲಿತವರಾರೂ ಏಳಕ್ಕೆ ಅಡ್ಡಗೀಟು ಹಾಕುತ್ತಿರಲಿಲ್ಲ. ವಿಲ್ಮಾ ಹಾಕುತ್ತಿರಲಿಲ್ಲ, ಸ್ಟೆಂಗರ್ ಹಾಕುತ್ತಿರಲಿಲ್ಲ. ಪ್ಯಾಕಿಂಗ್ ಮೇಜಿನ ಮೂವತ್ತು ಹೆಂಗಸರಲ್ಲಿ ಹಾಗೆ ಬರೆಯುತ್ತಿದ್ದವಳು ಒಬ್ಬಳೇ, ಹಳೆಯ ದೇಶದಲ್ಲಿ ಅಕ್ಷರ ಕಲಿತವಳು. ದಿನಸಿಯ ಪಟ್ಟಿಯಲ್ಲಿ, ಕ್ಯಾಲೆಂಡರಿನಲ್ಲಿ, ಮಕ್ಕಳ ಎತ್ತರ ಗುರುತಿಸಿದ ಬಾಗಿಲ ಚೌಕಟ್ಟಿನಲ್ಲಿ ಆ ಏಳನ್ನು ನೋಡುತ್ತಲೇ ವಿಲ್ಮಾ ಬೆಳೆದಿದ್ದಳು. ತಾಯಿ ಅವತ್ತು ಅಜ್ಜಿಯ ಮಣ್ಣಿಗೆ ಬಂದಿರಲಿಲ್ಲ. ಇಬ್ಬರಿಗೂ ರಜ ಕೊಡಲ್ಲ ಅಂದ ಮೇಸ್ತ್ರಿ ಎಂದಿದ್ದಳು.

ಭಾಷಣ ಒಂದಕ್ಷರವೂ ನೆನಪಾಗಲಿಲ್ಲ. “ಪಾಪ, ದುಃಖ ಉಕ್ಕಿ ಬಂತು,” ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಜನ ಗಾಲಿಕುರ್ಚಿಗೆ ದಾರಿ ಬಿಡುವಾಗ ಮುಖ ತಿರುಗಿಸಿಕೊಂಡರು. ಒಬ್ಬ ಮುದುಕಿಯಂತೂ, “ಥೂ ನಿನ್ನ!” ಎಂದಳು. ಸ್ಟೆಂಗರ್ ತಲೆ ತಗ್ಗಿಸಿಕೊಂಡು ಹೋದದ್ದನ್ನು ವಿಲ್ಮಾ ನೋಡಿದಳು. ಸುಳ್ಳು ಯಾಕೆ, ನೋಡಿ ಖುಷಿಪಟ್ಟಳು. ಆದರೆ ಆ ಖುಷಿ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಚರ್ಚಿಗೆ ಹೋಗದೆ ಅವನ ಮನೆಗೆ ಹೋದಳು. ಗ್ಲೆಂಡಾ ಬಾಗಿಲು ತೆಗೆದು ಒಳಗೆ ಬಿಟ್ಟಳು.

“ಹೇಳು,” ಎಂದಳು ವಿಲ್ಮಾ.

“ನೋಡಿದ್ಯಾ ಹಾಗಾದ್ರೆ,” ಎಂದ ಸ್ಟೆಂಗರ್. “ಅವತ್ತು ರಾತ್ರಿ ಚೀಟಿ ಬರೆಯೋ ಕೆಲ್ಸ ಜೋಫಿಯಾದು. ನಿನ್ನ ನಂಬರ್ ಹಾಕ್ಬೇಡ, ಮೇಜಿನಲ್ಲಿ ಇಲ್ಲದವರದ್ದು ಹಾಕು, ದೂರು ಬಂದ್ರೆ ನಾನ್ ನೋಡ್ಕೋತೀನಿ ಅಂದೆ. ಅವತ್ತು ಇಲ್ಲದವಳು ನೀನೊಬ್ಬಳೇ. ಮೇನಲ್ಲಿ ಮದುವೆ, ಊರು ಬಿಟ್ಟು ಹೋಗೋಳು, ಹೆಚ್ಚೆಂದರೆ ಎರಡು ಬೈಗುಳ ಅಂದ್ಕೊಂಡ್ಲು.”

“ನನ್ನ ತೆಗ್ದಾಗ?”

“ಬಂದು ಅತ್ಲು. ಎಲ್ಲಾ ಹೇಳ್ಬಿಡ್ತೀನಿ ಅಂದ್ಲು. ಹೇಳು, ಇಬ್ರೂ ಹೋಗ್ತೀರ, ಮನೇನೂ ಹೋಗತ್ತೆ ಅಂದೆ. ಸಣ್ಣ ಮಕ್ಕಳಿಬ್ರು ಇದ್ರು. ಸುಮ್ನಾದ್ಲು. ನಿಂಗೆ ಮಾತ್ರ ಗೊತ್ತಾಗ್ಬಾರ್ದು ಅಂತ ಮಾತು ತಗೊಂಡ್ಲು. ಅದಕ್ಕೇ ಬಿಚ್ಬೇಡ ಅಂದಿದ್ದು.”

“ಅವಳಿಗೆ ಕೊಟ್ಟ ಮಾತು ಉಳಿಸ್ಕೊಂಡೆ. ದೊಡ್ಡ ಮನುಷ್ಯ!” ವಿಲ್ಮಾಳ ಧ್ವನಿ ಏರಿತು. “ನಂಗ್ ಹೇಳಿದ್ರೆ ಆಗ್ತಿತ್ತು. ಅವತ್ತು ಸಂಜೆ ಒಲೆ ಮುಂದೆ ನಿಂತು ಒಂದು ಮಾತು ಹೇಳಿದ್ರೆ ನಾನೇ ಮೈಮೇಲೆ ಹಾಕ್ಕೋತಿದ್ದೆ ಕಣೋ! ತಮ್ಮ ತಂಗಿಗೋಸ್ಕರ ನಾನೇ ಕಳ್ಳಿ ಅಂತ ಊರೆಲ್ಲಾ ಸಾರ್ತಿದ್ದೆ. ಅವಳು ನನ್ನ ಕೇಳಲೇ ಇಲ್ಲ.”

ಸ್ಟೆಂಗರ್ ಕ್ಷಮಿಸು ಎಂದ. ಅವಳು ಎದ್ದುಬಂದಳು.

ಆ ವಾರ ಲೈಬ್ರರಿಯವರು ಸ್ಟೆಂಗರನ ಪಟವನ್ನು ಇಳಿಸಿದರು. ಅದೇ ಜಾಗದಲ್ಲಿ ಗಾಜಿನ ಪೆಟ್ಟಿಗೆಯಿಟ್ಟು, ಬಿಚ್ಚಿದ ಡಬ್ಬಿ ಮತ್ತು ಚೀಟಿಯನ್ನು ಜೋಡಿಸುತ್ತೇವೆ, ವಿವರ ನೀವೇ ಹೇಳಿ ಎಂದು ಡ್ವೈಟ್ ಬಂದ. ವಿಲ್ಮಾ ಮೂರು ದಿನ ತಗೊಂಡಳು. ತಾಯಿಯ ಹೆಸರು ಎತ್ತದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಆ ಗೀಟನ್ನು ಗುರುತಿಸುವವರು ಯಾರೂ ಉಳಿದಿಲ್ಲ. ನಾಲ್ಕನೇ ದಿನ ಫೋನು ಮಾಡಿ ಬರೆಸಿದಳು: ಈ ಡಬ್ಬಿಯನ್ನು ಕ್ರೋಮ್ ಇಲ್ಲದೆ ತುಂಬಿಸಿದವನು ಆರ್ವಿಲ್ ಸ್ಟೆಂಗರ್. ಇದರ ಚೀಟಿಯಲ್ಲಿ ಮಗಳ ನಂಬರು ಬರೆದವಳು ಜೋಫಿಯಾ ಹುಡಾಕ್. ಶಿಕ್ಷೆ ಅನುಭವಿಸಿದವಳು ವಿಲ್ಮಾ ಹುಡಾಕ್.

ಆರಿಝೋನಾದಲ್ಲಿದ್ದ ತಂಗಿ ಆನ್ನಾ ಸುದ್ದಿ ಕೇಳಿ ಫೋನಿನಲ್ಲಿ ಕೂಗಾಡಿದಳು. “ಅಮ್ಮನ ಹೆಸ್ರು ತೆಗ್ಸು ಅಕ್ಕಾ! ಸತ್ತವಳ ಮೇಲೇನು ಸೇಡು? ನಾನೂ ಪಾವೊಲೂ ಉಂಡಿದ್ದು ಆ ಕೈಯಿಂದ.”

“ಉಂಡಿದ್ದು ನೀವು. ತೆತ್ತಿದ್ದು ನಾನು. ತೆಗ್ಸಲ್ಲ.”

“ನೀನು ಕಲ್ಲು.”

“ಹೌದು ಕಣೇ, ಕಲ್ಲೇ,” ಎಂದು ವಿಲ್ಮಾ ಫೋನಿಟ್ಟಳು.

ಆಗಸ್ಟಿನಲ್ಲಿ ಸ್ಟೆಂಗರ್ ಸತ್ತ. ವಿಲ್ಮಾ ಹೋಗಿ, ತೆರೆದ ಶವಪೆಟ್ಟಿಗೆಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತು, ಶಿಲುಬೆಯ ಗುರುತು ಮಾಡದೆ ವಾಪಸು ಬಂದಳು. ಅವನಿಗಾಗಿ ಬತ್ತಿ ಹಚ್ಚುವ ಕೆಲಸ ಮುಗಿದಿತ್ತು.

ಏಳು ತಿಂಗಳು ಮಾತು ಬಿಟ್ಟಿದ್ದ ಆನ್ನಾ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹೇಳದೆ ಕೇಳದೆ ಬಂದಿಳಿದಳು. ಸೂಟ್‌ಕೇಸನ್ನು ಅಕ್ಕನ ಬಾಗಿಲಲ್ಲಿಟ್ಟು ಸೀದಾ ಲೈಬ್ರರಿಗೆ ನಡೆದುಹೋದಳು. ಒಂದು ಗಂಟೆಯ ಮೇಲೆ ಬಂದು, ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಕಣ್ಣು ಕೆಂಪಾಗಿತ್ತು. ವಿಲ್ಮಾ ಎಲೆಕೋಸಿನ ಸುರುಳಿ ಬಡಿಸಿ ತಟ್ಟೆಯನ್ನು ಮುಂದೆ ತಳ್ಳಿದಳು.

“ಹೆಸ್ರು ತಪ್ಪು ಬರ್ದಿದ್ದಾರೆ,” ಎಂದಳು ಆನ್ನಾ. “ಅಮ್ಮ ‘ಸೋಫಿಯಾ’ ಅಲ್ಲ, ‘ಜೋಫಿಯಾ’.”

ವಿಲ್ಮಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಹೌದಾ? ಆ ಡ್ವೈಟ್‌ಗೆ ಫೋನಲ್ಲಿ ಅಕ್ಷರ ಬಿಡಿಸಿ ಬಿಡಿಸಿ ಹೇಳಿದ್ದೆ.”

“ನಾನ್ ಕಣ್ಣಾರೆ ನೋಡ್ಬಂದೆ.”

“ಹಂಗಿದ್ರೆ ಇನ್ಯಾರೋ ಅನ್ಕೋತಾರೆ ಜನ,” ಎಂದು ವಿಲ್ಮಾ ಗೊಣಗಿದಳು. ಸೋಮವಾರ ಲೈಬ್ರರಿಯ ಬಾಗಿಲು ತೆಗೆಯುವ ಹೊತ್ತಿಗೆ ಅಕ್ಕ ತಂಗಿ ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದರು.